ಅರಸನ ಲೆಕ್ಕ, ಹಟ್ಟಿಯ ಲೆಕ್ಕ

'ನಾಯಕ' ಎಂಬ ಪದಕ್ಕೆ ನಮ್ಮ ಸಭೆಗಳಲ್ಲಿ ಹಿಂದೆ ಅಷ್ಟೇನೂ ಚಲಾವಣೆ ಇರಲಿಲ್ಲ. ನಾಯಕ ಎಂದರೆ ನಾಟಕದಲ್ಲಿ ಒಬ್ಬ, ಸಿನೆಮಾದಲ್ಲಿ ಒಬ್ಬ. ಚುನಾವಣೆ ಬಂದಾಗ ಮಾತ್ರ ಹಲವರು. ದೇವಾಲಯದ ಕೆಲಸಕ್ಕೆ ನಮ್ಮ ಹಿರಿಯರು ಬೇರೆಯೇ ಹೆಸರುಗಳನ್ನು ಇಟ್ಟುಕೊಂಡಿದ್ದರು. ನನ್ನಂಥವನು ಸಭಾಪಾಲಕ. ಅವನ ಜತೆ ಕುಳಿತು ಆಲೋಚನೆ ಹೇಳುವವರು ಸಭಾಹಿರಿಯರು. ಊರೂರು ತಿರುಗಿ ಪಾಠ ಹೇಳುತ್ತಿದ್ದವರು ಉಪದೇಶಿಗಳು. ನೆರೆಯ ಕ್ಯಾಥೊಲಿಕ್ ಇಗರ್ಜಿಗೆ ಹೋದರೆ ಅಲ್ಲಿ ವಾಳೆಗೊಬ್ಬ ಗುರಿಕಾರ. ಗುತ್ತಿನ ಮನೆಗೆ ಹೋದರೆ ಗಡಿ ಹಿಡಿದ ಯಜಮಾನ. ಈ ಹೆಸರುಗಳಿಗೆಲ್ಲ ಒಂದು ಸಮಾನ ಗುಣ ಉಂಟು. ಮುಂದೆ ಓಡುವವನ ಚಿತ್ರ ಯಾವುದರಲ್ಲಿಯೂ ಇಲ್ಲ. ಕಾಯುವವ, ಜತೆ ಕೂರುವವ, ಹೇಳಿಕೊಡುವವ, ಹೊಣೆ ಹೊತ್ತವ, ಅಷ್ಟೆ.

ಈಗ ಕಾಲ ಬದಲಾಗಿದೆ. ಸಭಾಪಾಲಕನೂ ನಾಯಕನಾಗಬೇಕು, ನಾಯಕತ್ವವನ್ನು ಕಲಿಯಬೇಕು, ಕಲಿಸುವವರೂ ಇದ್ದಾರೆ. ಈಚೆಗೆ ಘಟ್ಟದ ಮೇಲಿನ ಒಂದು ನಗರದಲ್ಲಿ ಮೂರು ದಿನ ನಡೆದ ಸಭಾನಾಯಕರ ಸಮಾವೇಶಕ್ಕೆ ನಾನೂ ಹೋಗಿದ್ದೆ. ಸಮ್ಮೇಳನಗಳು ನಮ್ಮ ಕಡೆಗೆ ಹೊಸತಲ್ಲ. ಧರ್ಮಸ್ಥಳದಲ್ಲಿ ಲಕ್ಷದೀಪೋತ್ಸವದ ಹೊತ್ತಿಗೆ 1933ರಿಂದ ಸರ್ವಧರ್ಮ ಸಮ್ಮೇಳನ ನಡೆದು ಬಂದಿದೆ. ಮೂಡುಬಿದಿರೆ 2003ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವನ್ನು ಕಂಡಿದೆ. ಭಾಷಣ ಕೇಳಿ, ಊಟ ಮುಗಿಸಿ, ಹಿಂತಿರುಗುವ ಬಸ್ಸಿನಲ್ಲಿ ಅದರ ಗುಣದೋಷ ಆಡಿಕೊಳ್ಳುವುದು ನಮ್ಮ ಜನಕ್ಕೆ ರೂಢಿಯಾದ ಸಂತೋಷ. ಆದರೆ ಈ ಸಮಾವೇಶದ ಒಂದು ಮಾತು ಬಸ್ಸು ಇಳಿದ ಮೇಲೂ ನನ್ನನ್ನು ಬಿಡಲಿಲ್ಲ. ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಬೇಕಾದದ್ದು, ಅಲ್ಲಿ ಒಳ್ಳೆಯ ಪಾಠಗಳೂ ಇದ್ದವು. ಸಭೆಯ ಹಣದ ಲೆಕ್ಕವನ್ನು ಯಾರೂ ಬೆರಳು ತೋರಿಸದಂತೆ ಇಡುವುದು ಹೇಗೆ, ಭಾನುವಾರದ ಶಾಲೆಯ ಮಕ್ಕಳ ಸುರಕ್ಷೆಗೆ ಏನು ಕಟ್ಟುಪಾಡು ಬೇಕು, ಸಾವಿನ ಮನೆಯಲ್ಲಿ ಎಷ್ಟು ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬಂಥವು. ಸಾವಿನ ಮನೆಯ ಪಾಠ ಹೇಳಿದವರು ತಾವೂ ಕಡಿಮೆಯೇ ಮಾತಾಡಿದರು. ಎರಡನೆಯ ದಿನ ಮಧ್ಯಾಹ್ನದ ಮೇಲೆ ನಮ್ಮ ಕೈಗೆ ಒಂದೊಂದು ಹಾಳೆ ಬಂತು. ಅದರ ಹೆಸರು 'ದರ್ಶನ ಪತ್ರ'. ನಮ್ಮ ಸೀಮೆಯಲ್ಲಿ ದರ್ಶನ ಎಂದರೆ ಪಾತ್ರಿಗೆ ಬರುವಂಥದು. ನನ್ನ ಪಕ್ಕದಲ್ಲಿದ್ದ ಕರಾವಳಿಯ ಇನ್ನೊಬ್ಬ ಸಭಾಪಾಲಕರು "ಇನ್ನು ಯಾರಿಗೆ ಮೈ ನಡುಗುತ್ತದೋ ನೋಡುವ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಹಾಳೆಯಲ್ಲಿ ಕೋಷ್ಟಕಗಳಿದ್ದವು. ಈಗ ಕುಟುಂಬಗಳೆಷ್ಟು, ಭಾನುವಾರ ಬರುವವರೆಷ್ಟು, ಕಾಣಿಕೆ ಎಷ್ಟು; ಐದು ವರ್ಷದ ಬಳಿಕ ಇವು ಎಷ್ಟಾಗಬೇಕು. ಕೊನೆಯಲ್ಲಿ ಒಂದು ಸಲಹೆ: ಹತ್ತು ಮನೆಗಿಂತ ಕಡಿಮೆ ಇರುವ ಕೂಟಗಳನ್ನು ಹತ್ತಿರದ ದೊಡ್ಡ ಕೇಂದ್ರಕ್ಕೆ ಸೇರಿಸಿಬಿಡಿ, ನಾಯಕನ ಹೊತ್ತು ಮತ್ತು ಶಕ್ತಿ ಪೋಲಾಗಬಾರದು.

ನಮ್ಮ ಸಭೆಯ ಮನೆಗಳು ಮೂರು ದಾರಿಗಳಲ್ಲಿ ಚದುರಿವೆ. ನೇತ್ರಾವತಿಯ ಮಗ್ಗುಲಿಗೆ ಬಂಟ್ವಾಳದ ಕಡೆ ಕೆಲವು. ಸಿದ್ಧಕಟ್ಟೆಯ ದಾರಿಯಾಗಿ ಮೂಡುಬಿದಿರೆಗೆ ಬಂದರೆ ಇನ್ನು ಕೆಲವು. ಅಲ್ಲಿಂದ ವೇಣೂರು, ಗುರುವಾಯನಕೆರೆಯ ಮೇಲಾಗಿ ಹೋದರೆ ಬೆಳ್ತಂಗಡಿಯ ಆಚೆ ಏಳೇ ಏಳು ಮನೆಗಳು. ಈ ಏಳರಲ್ಲಿ ಐದು ಮನೆಗಳ ಮಕ್ಕಳು ಮಂಗಳೂರು, ಬೆಂಗಳೂರು, ದುಬೈ ಎಂದು ಹೋಗಿದ್ದಾರೆ, ಉಳಿದವರು ಮುದುಕರು. ತಿಂಗಳಿಗೊಮ್ಮೆ ಒಂದು ಮನೆಯ ಚಾವಡಿಯಲ್ಲಿ ಆರಾಧನೆ, ಮೂರು ತಿಂಗಳಿಗೊಮ್ಮೆ ಕರ್ತನ ಭೋಜನ. ದರ್ಶನ ಪತ್ರದ ಮಾತಿನಂತೆ ನಡೆದರೆ ಮೊದಲು ಮುಚ್ಚಬೇಕಾದದ್ದು ಈ ಕೂಟವನ್ನೇ. ಬರುವ ತಿಂಗಳು ನಮ್ಮ ಸಭಾ ಕಮಿಟಿಯ ಮುಂದೆ ಈ ಪ್ರಶ್ನೆ ಬರುವುದುಂಟು. ಹಾಗೆ ಮುಚ್ಚಬೇಕು ಎನ್ನುವ ಹಿರಿಯರು ಕೆಟ್ಟವರೇನೂ ಅಲ್ಲ. ಪೆಟ್ರೋಲಿನ ಖರ್ಚು ಅವರಿಗೆ ಗೊತ್ತು, ನನ್ನ ವಯಸ್ಸೂ ಗೊತ್ತು. ಅದೇ ಹೊತ್ತಿನಲ್ಲಿ ಮೂಡುಬಿದಿರೆಯ ಕಾಲೇಜುಗಳಿಗೆ ಎಲ್ಲೆಲ್ಲಿಂದಲೋ ಬಂದು ಹಾಸ್ಟೆಲುಗಳಲ್ಲಿರುವ ನೂರಾರು ಮಕ್ಕಳ ನಡುವೆ ಕೆಲಸ ಮಾಡಬಹುದಲ್ಲ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಹಾಗಾದರೆ ಎಣಿಸುವುದೇ ತಪ್ಪೇ? ಈ ಪ್ರಶ್ನೆ ಬೈಬಲಿನಷ್ಟೇ ಹಳೆಯದು. ಸಮುವೇಲನ ಎರಡನೆಯ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ದಾವೀದನಿಗೆ ತನ್ನ ಪ್ರಜೆಗಳನ್ನು ಎಣಿಸಬೇಕೆಂಬ ಆಸೆ ಹುಟ್ಟುತ್ತದೆ. ಸೇನಾಪತಿ ಯೋವಾಬ ಸಾಧುಪುರುಷನೇನಲ್ಲ, ಅವನ ಕೈಯಲ್ಲಿ ಬೇಕಾದಷ್ಟು ರಕ್ತ ಉಂಟು. ಅಂಥವನೂ ಇದು ಬೇಡ ಎನ್ನುತ್ತಾನೆ. ಅರಸ ಕೇಳುವುದಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನ ದೇಶವೆಲ್ಲ ತಿರುಗಿ ಲೆಕ್ಕ ತರುತ್ತಾರೆ: ಇಸ್ರಾಯೇಲಿನಲ್ಲಿ ಕತ್ತಿ ಹಿಡಿಯುವವರು 8 ಲಕ್ಷ, ಯೆಹೂದದಲ್ಲಿ 5 ಲಕ್ಷ. ಇದೇ ಕತೆಯನ್ನು ಹೇಳುವ ಪೂರ್ವಕಾಲವೃತ್ತಾಂತದಲ್ಲಿ ಅಂಕಿಗಳು ಬೇರೆ: 11 ಲಕ್ಷ ಮತ್ತು 4 ಲಕ್ಷ 70 ಸಾವಿರ. ಅಷ್ಟು ಕಷ್ಟಪಟ್ಟು ಎಣಿಸಿದ ಲೆಕ್ಕವೂ ಎರಡು ಪುಸ್ತಕಗಳಲ್ಲಿ ಒಂದಾಗಲಿಲ್ಲ ಎಂಬುದನ್ನು ನೋಡಿದಾಗೆಲ್ಲ ನನಗೆ ಸಣ್ಣ ನಗು ಬರುತ್ತದೆ. ಆದರೆ ಮುಂದಿನದು ನಗುವ ವಿಷಯವಲ್ಲ. ವ್ಯಾಧಿ ಬಂದು 70 ಸಾವಿರ ಮಂದಿ ಸಾಯುತ್ತಾರೆ. ಎಣಿಸಿದ್ದು ಯಾಕೆ ಪಾಪವಾಯಿತು ಎಂದು ಗ್ರಂಥ ಬಿಡಿಸಿ ಹೇಳುವುದಿಲ್ಲ. ಎಣಿಸಿದವರು ಕತ್ತಿ ಹಿಡಿಯಬಲ್ಲ ಗಂಡಸರನ್ನು ಮಾತ್ರ ಎಂಬುದರಲ್ಲಿ ನನಗೆ ಒಂದು ಸುಳುಹು ಕಾಣುತ್ತದೆ. ಮಕ್ಕಳು, ಹೆಂಗಸರು, ಕುಂಟರು, ಮುದುಕರು ಆ ಲೆಕ್ಕಕ್ಕೆ ಸೇರಿದವರಲ್ಲ. ಅರಸನಿಗೆ ಬೇಕಾಗಿದ್ದುದು ಜನರ ಲೆಕ್ಕವಲ್ಲ, ತನ್ನ ಬಲದ ಲೆಕ್ಕ.

ಇದಕ್ಕೆ ವಿರುದ್ಧವಾಗಿ, ಎಣಿಸು ಎಂದು ದೇವರೇ ಹೇಳುವ ಪುಸ್ತಕವೂ ಉಂಟು. ಇಂಗ್ಲಿಷಿನವರು ಅದನ್ನು 'ಸಂಖ್ಯೆಗಳು' ಎಂದು ಕರೆದರು. ನಮ್ಮ ಕನ್ನಡ ಬೈಬಲಿನಲ್ಲಿ ಅದರ ಹೆಸರು 'ಅರಣ್ಯಕಾಂಡ'. ಇಬ್ರಿಯರ ಮೂಲ ಹೆಸರಿಗೂ ಅರಣ್ಯದಲ್ಲಿ ಎಂದೇ ಅರ್ಥ. ಒಂದೇ ಪುಸ್ತಕವನ್ನು ಒಬ್ಬರು ಅಂಕಿಯ ಕಡೆಯಿಂದ ನೋಡಿದರು, ಇನ್ನೊಬ್ಬರು ಅಲೆದಾಟದ ಕಡೆಯಿಂದ ನೋಡಿದರು. ರಾಮಾಯಣ ಕೇಳಿ ಬೆಳೆದ ಕಿವಿಗೆ ಅರಣ್ಯಕಾಂಡ ಎಂದೊಡನೆ ಏನೋ ಕಳೆದುಹೋಗುವ, ಅದನ್ನು ಹುಡುಕಿಕೊಂಡು ಹೋಗುವ ಕತೆ ನೆನಪಾಗುತ್ತದೆ. ಆ ಪುಸ್ತಕದ ಮೊದಲ ಎಣಿಕೆಯಲ್ಲಿ ಸಿಕ್ಕಿದ ಸಂಖ್ಯೆ 6,03,550. ನಲವತ್ತು ವರ್ಷ ಅಲೆದ ಮೇಲೆ ಎರಡನೆಯ ಎಣಿಕೆ. ಮೊದಲು ಎಣಿಸಿಕೊಂಡವರಲ್ಲಿ ಆಗ ಉಳಿದಿದ್ದವರು ಇಬ್ಬರೇ, ಕಾಲೇಬ ಮತ್ತು ಯೆಹೋಶುವ. ಐದು ವರ್ಷದ ಗುರಿ ಬರೆಯುವಾಗ ಈ ಎರಡು ಅಂಕಿಗಳನ್ನು ಯಾರಾದರೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ.

ಇನ್ನು ಕುರಿಯ ಕತೆ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ಸಾಮ್ಯವನ್ನು ನಾನು ಎಷ್ಟು ಸಲ ಪ್ರಸಂಗ ಮಾಡಿದ್ದೇನೋ ಲೆಕ್ಕವಿಲ್ಲ. ಆದರೆ ತುಳುನಾಡಿನ ಮಳೆ ಕುರಿಗೆ ಆಗಿಬರುವುದಿಲ್ಲ. ನಮ್ಮ ಹಳ್ಳಿಯ ಜನ ಕುರಿಯ ಹಿಂಡನ್ನು ಚಿತ್ರದಲ್ಲಿ ಕಂಡದ್ದೇ ಹೆಚ್ಚು. ಹಾಗಾಗಿ ನಾನು ಅವರಿಗೆ ದನದ ಹಟ್ಟಿಯ ಉದಾಹರಣೆ ಕೊಡುತ್ತೇನೆ. ಸಂಜೆ ಗುಡ್ಡದಿಂದ ದನಗಳು ಇಳಿದು ಬರುವ ಹೊತ್ತಿಗೆ ಮನೆಯಾಕೆ ಅಕ್ಕಚ್ಚಿನ ಬಾಲ್ದಿ ಹಿಡಿದು ಹಟ್ಟಿಯ ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳು ಒಂದು, ಎರಡು, ಮೂರು ಎಂದು ಎಣಿಸುವುದಿಲ್ಲ. ಹನ್ನೆರಡರಲ್ಲಿ ಹನ್ನೊಂದು ಬಂತು, ನೂರಕ್ಕೆ ತೊಂಬತ್ತರ ಮೇಲಾಯಿತು, ಪರವಾಗಿಲ್ಲ ಎಂದೂ ಹೇಳುವುದಿಲ್ಲ. "ಬೊಳ್ಳಿ ಬರಲಿಲ್ಲ" ಎನ್ನುತ್ತಾಳೆ. ಆ ಮಾತು ಬಾಯಿಯಿಂದ ಬೀಳುವ ಮೊದಲೇ ಯಾರೋ ಟಾರ್ಚು ಹುಡುಕತೊಡಗುತ್ತಾರೆ.

ಲೆಕ್ಕದಲ್ಲಿ ಎರಡು ಜಾತಿ ಉಂಟು ಎಂದು ನನಗೆ ಅನ್ನಿಸತೊಡಗಿದ್ದು ಹೀಗೆ. ಎರಡರಲ್ಲಿಯೂ ಎಣಿಕೆ ಇದೆ; ಒಂದು ಕಡಿಮೆಯಾಯಿತೆಂದು ತಿಳಿಯಬೇಕಾದರೆ ಕುರುಬನೂ ತೊಂಬತ್ತೊಂಬತ್ತರವರೆಗೆ ಎಣಿಸಿಯೇ ಇರಬೇಕು. ವ್ಯತ್ಯಾಸ ಇರುವುದು ಎಣಿಸಿ ಮುಗಿದ ಮೇಲೆ. ಅರಸನು ಎಣಿಸಿ ಮುಗಿಸಿ ಸಿಂಹಾಸನದಲ್ಲಿ ಕೂರುತ್ತಾನೆ. ಕುರುಬನು ಎಣಿಸಿ ಮುಗಿಸಿ ಎದ್ದು ಹೋಗುತ್ತಾನೆ. ಅರಸನ ಲೆಕ್ಕಕ್ಕೆ ಇರುವವರು ಮುಖ್ಯ, ಹಟ್ಟಿಯ ಲೆಕ್ಕಕ್ಕೆ ಇಲ್ಲದವರು ಮುಖ್ಯ.

ಹೊಸ ಒಡಂಬಡಿಕೆಯೂ ಎಣಿಸುತ್ತದೆಯಲ್ಲ ಎಂದು ಸಮಾವೇಶದಲ್ಲಿ ಒಬ್ಬ ಭಾಷಣಕಾರರು ನೆನಪಿಸಿದರು. ಪಂಚಾಶತ್ತಮದ ಒಂದೇ ದಿನ ಸುಮಾರು ಮೂರು ಸಾವಿರ ಜನ ಸೇರಿದರು ಎಂದು ಅಪೊಸ್ತಲರ ಕೃತ್ಯಗಳಲ್ಲಿದೆ. ನಿಜ. ಆದರೆ ಅದೇ ಪುಸ್ತಕದ ಆರನೆಯ ಅಧ್ಯಾಯವನ್ನು ಅವರು ಮುಟ್ಟಲಿಲ್ಲ. ಹಾಗೆ ಬೆಳೆದ ಸಭೆಯಲ್ಲಿ ಗೊಣಗಾಟ ಹುಟ್ಟುತ್ತದೆ. ದಿನದ ಊಟ ಹಂಚುವಲ್ಲಿ ಗ್ರೀಕ್ ಮಾತಾಡುವ ವಿಧವೆಯರು ತಪ್ಪಿಹೋಗುತ್ತಿದ್ದರು. ಅದನ್ನು ಸರಿಪಡಿಸಲಿಕ್ಕೆ ಏಳು ಮಂದಿಯನ್ನು ಆರಿಸುತ್ತಾರೆ. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಅಂದರೆ ದೂರು ಕೊಟ್ಟವರ ಕಡೆಯವರನ್ನೇ ಬಡಿಸುವ ಜಾಗಕ್ಕೆ ಕೂರಿಸಿದರು ಎಂದು ಅರ್ಥ ಮಾಡುವವರಿದ್ದಾರೆ. ನನಗೂ ಹಾಗೆಯೇ ತೋರುತ್ತದೆ. ಅಪೊಸ್ತಲರ ತರುವಾಯ ನಮ್ಮ ಸಭೆಗಳಲ್ಲಿ ನಾಯಕತ್ವ ಎಂಬುದು ಹುಟ್ಟಿದ ಬಗೆ ಇದು. ಮೂರು ಸಾವಿರದ ಸಂತೋಷದಿಂದ ಅಲ್ಲ, ಎಲೆ ಹಾಕಿದಲ್ಲಿ ಕೆಲವು ಮುದುಕಿಯರಿಗೆ ಬಡಿಸದೆ ಹೋದದ್ದರಿಂದ.

ನಮ್ಮ ಜಿಲ್ಲೆಯ ಚರಿತ್ರೆಯೂ ಇದಕ್ಕೆ ಒಂದು ಸಾಕ್ಷಿ ಹೇಳುತ್ತದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು ಮಂಗಳೂರಿಗೆ ಬಂದರು. ಬಲ್ಮಠದ ಸೆಮಿನರಿ 1847ರದು. ತುಳುವಿನಲ್ಲಿ ಹೊಸ ಒಡಂಬಡಿಕೆ ಪೂರ್ತಿಯಾದದ್ದೂ ಅದೇ ವರ್ಷ. ಅಚ್ಚುಕೂಟ, ಶಾಲೆ, ನೇಯ್ಗೆ, ಹಂಚಿನ ಕಾರ್ಖಾನೆ ಎಲ್ಲಕ್ಕೂ ಮೇಲೆ ಸಾಹೇಬರೇ ನಾಯಕರು. ವರ್ಷ ವರ್ಷ ಅವರು ಅಚ್ಚು ಹಾಕಿಸುತ್ತಿದ್ದ ವರದಿಗಳಲ್ಲಿ ಕೇಂದ್ರವಾರು ಅಂಕಿಗಳ ಕೋಷ್ಟಕಗಳು ಇರುತ್ತಿದ್ದವು. ದರ್ಶನ ಪತ್ರದ ಅಜ್ಜ ಎನ್ನಬಹುದು. 1914ರಲ್ಲಿ ಯುದ್ಧ ಶುರುವಾಯಿತು. ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಕೊನೆಗೆ ದೇಶದಿಂದ ಕಳಿಸಿತು. ಯುದ್ಧದ ಬಳಿಕ ಕಾರ್ಖಾನೆಗಳೂ ಬೇರೆಯವರ ಕೈಗೆ ಹೋದವು. ನಾಯಕರಿಲ್ಲದ ಸಭೆ ಚದುರಿಹೋಗಬೇಕಾಗಿತ್ತು, ಹೋಗಲಿಲ್ಲ. ಅದನ್ನು ಹಿಡಿದು ನಿಲ್ಲಿಸಿದವರು ಇಲ್ಲಿಯ ಸಭಾಪಾಲಕರು, ಉಪದೇಶಿಗಳು, ಶಾಲೆಯ ಮಾಸ್ತರರು, ಬೈಬಲ್ ಓದಿ ಹೇಳುತ್ತಿದ್ದ ಹೆಂಗಸರು. ಅವರಲ್ಲಿ ಹೆಚ್ಚಿನವರಿಗೆ ನಾಯಕರೆಂಬ ಹೆಸರು ಇರಲಿಲ್ಲ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಮಾತ್ರ ಅವರಿಗೆ ಗೊತ್ತಿತ್ತು. 2020ರ ಲಾಕ್‌ಡೌನಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದಾಗಲೂ ಅಷ್ಟೆ. ಭಾನುವಾರದ ಹಾಜರಿ ಸೊನ್ನೆ. ಆದರೂ ಸಭೆ ಇತ್ತು, ಫೋನಿನಲ್ಲಿ ಒಂದೊಂದೇ ಹೆಸರಾಗಿ ಇತ್ತು.

ಇಲ್ಲಿಗೆ ನಿಲ್ಲಿಸಿದರೆ ನಾನು ನನಗೆ ಬೇಕಾದಷ್ಟನ್ನೇ ಹೇಳಿದಂತಾಗುತ್ತದೆ. ಎರಡು ಆಕ್ಷೇಪಗಳಿವೆ, ಎರಡೂ ಗಟ್ಟಿಯಾದವು.

ಒಂದು: ಸಣ್ಣದಾಗಿರುವುದೇ ಪುಣ್ಯವೇ? ಬೆಳೆಯುವ ಶ್ರಮ ಬೇಡವೆಂದು ಕೆಲವರು ಏಳು ಮನೆಯ ಹಿಂದೆ ಅಡಗಿಕೊಳ್ಳುವುದಿಲ್ಲವೇ? ಅಡಗಿಕೊಳ್ಳುವವರಿದ್ದಾರೆ. ಆದರೆ ಬೆಳವಣಿಗೆಯ ಜತೆಗೆ ಕಾಪಾಡುವುದು ಎಂಬ ಇನ್ನೊಂದು ಕೆಲಸವೂ ಉಂಟು. ಅದನ್ನು ನೋಡಬೇಕಾದರೆ ನಾನು ಇರುವ ಊರಿಗೇ ಬರಬೇಕು. ಮೂಡುಬಿದಿರೆಯ ಬಸದಿಗಳು ಹದಿನೆಂಟು. ಜೈನರ ಸಂಖ್ಯೆ ಎಂದೂ ದೊಡ್ಡದಲ್ಲ. ಒಂಬತ್ತನೆಯ ಶತಮಾನದ ಧವಲಾ ಮುಂತಾದ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಳೆಗರಿ ಪ್ರತಿಗಳನ್ನು ಈ ಸಣ್ಣ ಸಮುದಾಯ ಶತಮಾನಗಳ ಕಾಲ ಕಾಪಾಡಿಕೊಂಡು ಬಂತು. ಮಳೆ, ಗೆದ್ದಲು, ಅರಸೊತ್ತಿಗೆಗಳ ಏಳುಬೀಳು ಎಲ್ಲ ದಾಟಿ, ಇಪ್ಪತ್ತನೆಯ ಶತಮಾನದಲ್ಲಿ ಅವು ಅಚ್ಚಾಗಿ ಲೋಕಕ್ಕೆ ಸಿಕ್ಕಿದವು. ನಡುವಿನ ನೂರಾರು ವರ್ಷಗಳಲ್ಲಿ ಅವನ್ನು ಕಾದವರ ದರ್ಶನ ಪತ್ರದಲ್ಲಿ ಏನಿದ್ದೀತು? ಕಳೆದ ವರ್ಷ ಎಷ್ಟು ಓಲೆ ಇತ್ತೋ ಈ ವರ್ಷವೂ ಅಷ್ಟೇ. ಅದೇ ಊರಿನಲ್ಲಿ 1430ರಲ್ಲಿ ಕಟ್ಟಿದ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಸಾವಿರ ಕಂಬದ ಬಸದಿ ಎಂದು ಹೆಸರು. ಹೆಸರಿನಲ್ಲಿ ಅಂಕಿ ಇದೆ. ಆದರೂ ನೋಡಲಿಕ್ಕೆ ಬಂದವರಿಗೆ ಊರಿನವರು ಹೆಮ್ಮೆಯಿಂದ ಹೇಳುವುದು ಕಂಬ ಸಾವಿರ ಉಂಟು ಎಂದಲ್ಲ, ಒಂದರಂತೆ ಇನ್ನೊಂದು ಇಲ್ಲ ಎಂದು. ಪಾಲಕ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಹೆಸರು ಹಿಡಿದು ಎಣಿಸುವುದು ಯಾವಾಗಲೂ ಪ್ರೀತಿಯೇ? ಹಾಗೇನಿಲ್ಲ. ಮಿಷನಿನ ಕಾಲದಲ್ಲಿ ಕ್ರೈಸ್ತರಾದವರು ಜಾತಿಯನ್ನೂ ಜೀವನೋಪಾಯವನ್ನೂ ಒಟ್ಟಿಗೆ ಕಳಕೊಂಡರು. ಅವರಿಗಾಗಿಯೇ ಉದ್ಯಮಗಳು ಹುಟ್ಟಿದವು. ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದು. ಕೂಲಿ ಕೊಡುವ ಕೈ ಮತ್ತು ಸಭಾಶಿಸ್ತು ನಡೆಸುವ ಕೈ ಒಂದೇ ಆದಾಗ ಹೆಸರು ಗೊತ್ತಿರುವುದು ಭಯಕ್ಕೂ ಕಾರಣವಾಗಬಹುದು. ಯಾರು ಆರಾಧನೆಗೆ ಬರಲಿಲ್ಲ, ಯಾರು ಗಡಂಗಿಗೆ ಹೋದರು ಎಂಬ ಪಟ್ಟಿಯೂ ಹೆಸರುಗಳ ಪಟ್ಟಿಯೇ ತಾನೇ. ಹಟ್ಟಿಯ ಬಾಗಿಲಲ್ಲಿ ನಿಂತವಳ ಕೈಯಲ್ಲಿ ಅಕ್ಕಚ್ಚಿನ ಬಾಲ್ದಿಯೂ ಇರಬಹುದು, ಬೆತ್ತವೂ ಇರಬಹುದು. ಆದುದರಿಂದ, ಅಂಕಿಯಲ್ಲಿ ಎಣಿಸುವವನು ಅರಸ, ಹೆಸರಿನಲ್ಲಿ ಎಣಿಸುವವನು ಕುರುಬ ಎಂದು ಸುಲಭವಾಗಿ ಗೆರೆ ಎಳೆಯುವಂತಿಲ್ಲ.

ಹಾಗಾದರೆ ಗೆರೆ ಎಲ್ಲಿ? ಬೆಳ್ತಂಗಡಿಯ ಆಚೆಯ ಆ ಏಳು ಮನೆಗಳಲ್ಲಿ ಒಂದರಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿ ಇದ್ದಾರೆ. ಕಣ್ಣು ಮಂಜಾಗಿದೆ. ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಚಹಾ ಕೊಡಿಸಿ, ನನ್ನನ್ನು ಹತ್ತಿರ ಕರೆದು ತುಳುವಿನಲ್ಲಿ ವಿಚಾರಣೆ ಶುರು ಮಾಡುತ್ತಾರೆ. ಅಯ್ಯನವರೇ, ಹೋದ ತಿಂಗಳು ಕೆಮ್ಮುತ್ತಿದ್ದಿರಿ, ಡಾಕ್ಟರಿಗೆ ತೋರಿಸಿದಿರಾ? ಹೆಂಡತಿಯ ಮಂಡಿನೋವು ಹೇಗೆ? ಮಗಳ ಕಾಗದ ಬಂತಾ? ಈಗ ಕಾಗದ ಯಾರೂ ಬರೆಯುವುದಿಲ್ಲ ಎಂದರೂ ಅವರು ಅದನ್ನೇ ಕೇಳುತ್ತಾರೆ. ಮೊನ್ನೆ ಮಳೆಗೆ ಬಸ್ಸು ತಡವಾಗಿ ನಾನು ಒಂದು ಗಂಟೆ ಕಳೆದು ಮುಟ್ಟಿದಾಗ, ಅವರು ಮೊಮ್ಮಗನ ಕೈಯಲ್ಲಿ ಕೊಡೆ ಕೊಟ್ಟು ರಸ್ತೆಗೆ ಕಳಿಸಿದ್ದರು. ನನ್ನನ್ನು ಎಣಿಸುವವರೊಬ್ಬರು ಅಲ್ಲಿದ್ದಾರೆ. ಏಳು ಮನೆಯ ಆ ಲೆಕ್ಕದಲ್ಲಿ ಎಂಟನೆಯವನು ನಾನು.

ಗೆರೆ ಇಲ್ಲಿದೆ ಎಂದು ನನಗೆ ಕಾಣುತ್ತದೆ. ಅರಸನು ಎಣಿಸುವಾಗ ತನ್ನನ್ನು ಬಿಟ್ಟು ಎಣಿಸುತ್ತಾನೆ. ದಾವೀದನ ಪಟ್ಟಿಯಲ್ಲಿ ದಾವೀದನಿಲ್ಲ. ತನ್ನನ್ನೂ ಎಣಿಕೆಗೆ ಒಡ್ಡಿಕೊಂಡವನ ಲೆಕ್ಕದಲ್ಲಿ ಮಾತ್ರ ಭಯ ಇರುವುದಿಲ್ಲ. ನಾನು ಬಾರದಿದ್ದರೆ ಯಾರಿಗಾದರೂ ಗೊತ್ತಾಗುತ್ತದೆಯೇ, ನಾನು ದಾರಿ ತಪ್ಪಿದರೆ ಹುಡುಕಿಕೊಂಡು ಬರುವ ಹಕ್ಕು ಅವರಿಗೆ ಉಂಟೇ, ನನ್ನ ಕೆಮ್ಮಿನ ಬಗ್ಗೆ ಕೇಳಿದಷ್ಟೇ ಸಲೀಸಾಗಿ ನನ್ನ ಸಿಟ್ಟಿನ ಬಗ್ಗೆ, ನನ್ನ ಲೆಕ್ಕಪತ್ರದ ಬಗ್ಗೆ ಕೇಳಬಲ್ಲರೇ? ನಾಯಕತ್ವದ ಪರೀಕ್ಷೆಯನ್ನು ಒಂದು ಹಾಳೆಯಲ್ಲಿ ಇಳಿಸಲೇಬೇಕು ಎಂದಾದರೆ ಈ ಪ್ರಶ್ನೆಗಳನ್ನು ಸೇರಿಸಿ ಎಂದು ನಾನು ಹೇಳಿಯೇನು. ಸಾವಿರ ಜನರ ಸಭೆಯವರೂ ಇದಕ್ಕೆ ಒಳ್ಳೆಯ ಉತ್ತರ ಕೊಡಬಲ್ಲರು. ಏಳು ಮನೆಯವನೂ ಇದರಲ್ಲಿ ನಪಾಸಾಗಬಹುದು.

ದಾವೀದನ ಕತೆಯ ಕೊನೆಯಲ್ಲಿ ಒಂದು ಸಣ್ಣ ತಿರುವು ಇದೆ. ವ್ಯಾಧಿ ಹಬ್ಬಿದಾಗ ಅವನು ದೇವರ ಮುಂದೆ ಬೀಳುತ್ತಾನೆ. ಪಾಪ ಮಾಡಿದವನು ನಾನು, ಶಿಕ್ಷೆ ನನಗೆ ಬರಲಿ ಎಂದು ಬೇಡುವಾಗ ಅವನು ಪ್ರಜೆಗಳನ್ನು ಕತ್ತಿ ಹಿಡಿಯುವವರು ಎಂದು ಕರೆಯುವುದಿಲ್ಲ, ಕುರಿಗಳು ಎಂದು ಕರೆಯುತ್ತಾನೆ. ಹುಡುಗನಾಗಿದ್ದಾಗ ತಂದೆಯ ಕುರಿಗಳನ್ನು ಕಾಯುತ್ತಿದ್ದವನು. ಅಷ್ಟು ಜನ ಸತ್ತ ಮೇಲೆ ಅವನಿಗೆ ಆ ಹಳೆಯ ಮಾತು ಬಾಯಿಗೆ ಬಂತು. ತನ್ನನ್ನೂ ಲೆಕ್ಕಕ್ಕೆ ಸೇರಿಸಿಕೊಂಡದ್ದು ಆಗಲೇ. ನಮಗೆ ಅಷ್ಟು ದೊಡ್ಡ ಬೆಲೆ ತೆರದೆ ಅದು ನೆನಪಾದರೆ ಸಾಕು.

ಬರುವ ತಿಂಗಳ ಕಮಿಟಿಯಲ್ಲಿ ನಾನು ಏನು ಹೇಳಬೇಕೆಂದು ನಿಶ್ಚಯಿಸಿಕೊಂಡಿದ್ದೇನೆ. ಹಾಸ್ಟೆಲಿನ ಮಕ್ಕಳ ಕೆಲಸ ಆಗಲೇಬೇಕು. ಅದಕ್ಕೆ ನನಗಿಂತ ಹುರುಪಿನ ತರುಣರು ನಮ್ಮಲ್ಲಿದ್ದಾರೆ, ಅವರಿಗೆ ಜವಾಬ್ದಾರಿ ಕೊಡುವ, ನಾನು ಹಿಂದೆ ನಿಲ್ಲುತ್ತೇನೆ. ಪೆಟ್ರೋಲಿನ ಖರ್ಚು ಹೆಚ್ಚಾದರೆ ಬಸ್ಸಿನಲ್ಲಿ ಹೋಗುತ್ತೇನೆ. ಬೆಳ್ತಂಗಡಿಯ ಕೂಟ ಮಾತ್ರ ನಿಲ್ಲುವುದು ಬೇಡ. ಅದು ಬೆಳೆಯುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ಏಳು ಆರಾಗುತ್ತದೆ, ಆರು ಐದಾಗುತ್ತದೆ, ಒಂದು ದಿನ ಚಾವಡಿಯ ಬಾಗಿಲು ಮುಚ್ಚಿರುತ್ತದೆ. ವಾರ್ಷಿಕ ವರದಿಯಲ್ಲಿ ಅದು ನಷ್ಟವೆಂದೇ ದಾಖಲಾಗಲಿ, ತಕರಾರಿಲ್ಲ. ಆದರೆ ಆ ಮನೆಗಳಲ್ಲಿ ಕೊನೆಯವರನ್ನು ಮಣ್ಣು ಮಾಡುವ ದಿನ ಅವರ ಹೆಸರನ್ನು ಪುಸ್ತಕ ನೋಡದೆ ಹೇಳಬಲ್ಲ ಒಬ್ಬ ಸಭಾಪಾಲಕ ಅಲ್ಲಿ ಇರಬೇಕು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಬೆಳಗ್ಗಿನ ಮೊದಲ ಬಸ್ಸಿಗೆ ಗುರುವಾಯನಕೆರೆಗೆ ಒಂದು ಟಿಕೇಟು ಬೇಕಾಗುತ್ತದೆ ಎಂದು ಖಜಾಂಚಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ.